ಕೋಟದಿಂದ ಸಕಲವಾರಕ್ಕೆ: ಆರ್. ಎಲ್. ಕಪೂರ್ ಅವರ ವಿದ್ವತ್ ಪಯಣ

ಮನಸ್ಸಿನ ಅಸ್ವಾಸ್ಥ್ಯವನ್ನು ವ್ಯಕ್ತಿಯೊಬ್ಬನ ಕಾಯಿಲೆ ಎಂದು ಪರಿಗಣಿಸುವುದು ಚಿಕಿತ್ಸಾಲಯದ ದೃಷ್ಟಿ. ಅದನ್ನು ಆತನ ಕುಟುಂಬ, ಜಾತಿ, ಊರು ಮತ್ತು ನಂಬಿಕೆಗಳ ಹಿನ್ನೆಲೆಯಲ್ಲಿರಿಸಿ ಅರಿಯಲು ಯತ್ನಿಸುವುದು ಸಮಾಜ ಮನೋವಿಜ್ಞಾನದ ದೃಷ್ಟಿ. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಮಾತ್ರವಲ್ಲದೆ, ಬಾರದೆ ಉಳಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಸಾರ್ವಜನಿಕ ಆರೋಗ್ಯದ ಹೊಣೆ. ಚಿಕ್ಕಮಗಳೂರು ಜಿಲ್ಲೆಯ ಶಿವನಿಯಂತಹ ಹೋಬಳಿ ಕೇಂದ್ರದಲ್ಲಿ ವಾಸಿಸುವ ವ್ಯಕ್ತಿಯ ಮನಸ್ಸು ಕೆಟ್ಟಾಗ ಆತನ ಮನೆಯವರು ಮೊದಲು ಯಾರ ಬಳಿಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ದೊರೆಯದ ಹೊರತು ಈ ಹೊಣೆಯನ್ನು ನಿರ್ವಹಿಸುವುದು ಸಾಧ್ಯವಿಲ್ಲ. ಕರ್ನಾಟಕದ ಹಳ್ಳಿಯೊಂದರಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿ, ದೊರೆತ ಉತ್ತರವನ್ನು ಆರೋಗ್ಯ ವ್ಯವಸ್ಥೆಯ ಕಾರ್ಯಕ್ಕೆ ಜೋಡಿಸಿದವರಲ್ಲಿ ಮನೋವೈದ್ಯ ಡಾ. ರವೀಂದರ್ ಲಾಲ್ ಕಪೂರ್ ಪ್ರಮುಖರು.

ಕೋಟದ ಅಧ್ಯಯನ

ಕಪೂರ್ ಅವರ ಹೆಸರನ್ನು ವಿದ್ವತ್ ಲೋಕದಲ್ಲಿ ನೆಲೆಗೊಳಿಸಿದ ಕೃತಿ 1976ರಲ್ಲಿ ಲಂಡನ್ನಿನ ಹೋಗಾರ್ತ್ ಪ್ರೆಸ್ ಪ್ರಕಟಿಸಿದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ'. ಇದರ ಸಹಲೇಖಕರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಿ. ಮಾರಿಸ್ ಕಾರ್‌ಸ್ಟೇರ್ಸ್. ರಾಜಸ್ಥಾನದ ಮೇಲ್ಜಾತಿಗಳ ವ್ಯಕ್ತಿತ್ವವನ್ನು ಕುರಿತು 1957ರಲ್ಲಿ 'ದಿ ಟ್ವೈಸ್ ಬಾರ್ನ್' ಎಂಬ ಗ್ರಂಥವನ್ನು ಪ್ರಕಟಿಸಿದ್ದ ಕಾರ್‌ಸ್ಟೇರ್ಸ್ ಮಾನವಶಾಸ್ತ್ರದಲ್ಲಿಯೂ ಪರಿಶ್ರಮವುಳ್ಳವರು.

ಕೋಟ ಅಂದಿನ ದಕ್ಷಿಣ ಕನ್ನಡ, ಇಂದಿನ ಉಡುಪಿ ಜಿಲ್ಲೆಯ ಕರಾವಳಿ ಗ್ರಾಮ; 1902ರಲ್ಲಿ ಜನಿಸಿದ ಶಿವರಾಮ ಕಾರಂತರ ಹುಟ್ಟೂರು. ಅಧ್ಯಯನಕ್ಕೆ ಆಯ್ದ ಸಮುದಾಯಗಳು ಮೂರು: ಬ್ರಾಹ್ಮಣರು, ಬಂಟರು ಮತ್ತು ಮೊಗವೀರರು. ಬ್ರಾಹ್ಮಣರದು ಮಕ್ಕಳಕಟ್ಟು, ಉಳಿದೆರಡು ಸಮುದಾಯಗಳದು ಪರಂಪರೆಯಿಂದ ಬಂದ ಅಳಿಯಕಟ್ಟು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ತರುವಾಯ ಕೂಡುಕುಟುಂಬದ ಆಸ್ತಿ ಪಾಲಾಗತೊಡಗಿ, ಸೋದರಮಾವನ ಯಜಮಾನಿಕೆ ಸಡಿಲಗೊಂಡು, ತಂದೆಯ ಸ್ಥಾನ ಬಲಗೊಳ್ಳುತ್ತಿದ್ದ ಕಾಲವದು. ಒಂದೇ ಊರಿನಲ್ಲಿ ಒಂದೇ ಕಾಲದಲ್ಲಿ ಬಾಳುತ್ತಿದ್ದರೂ ಬದಲಾವಣೆಯನ್ನು ಬೇರೆಬೇರೆ ಬಗೆಯಲ್ಲಿ ಅನುಭವಿಸುತ್ತಿದ್ದ ಜನವರ್ಗಗಳು ಹೀಗೆ ಸಂಶೋಧಕರಿಗೆ ದೊರೆತವು. ಸಾಮಾಜಿಕ ಬದಲಾವಣೆ, ಅದು ತರುವ ಒತ್ತಡ ಮತ್ತು ಮಾನಸಿಕ ಅಸ್ವಾಸ್ಥ್ಯ ಇವುಗಳ ನಡುವಣ ಸಂಬಂಧವೇನು ಎಂಬುದು ಗ್ರಂಥದ ಮೂಲ ಜಿಜ್ಞಾಸೆ.

ಅಳತೆಗೋಲಿನ ಪ್ರಶ್ನೆ

ಈ ಜಿಜ್ಞಾಸೆಗೆ ಮೊದಲ ತೊಡಕು ಅಳತೆಗೋಲಿನದು. ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ರೂಪುಗೊಂಡ ಪ್ರಶ್ನಾವಳಿಯನ್ನು ಹಳ್ಳಿಯ ಜನರ ಮುಂದಿಟ್ಟರೆ, ಅವರು ತಮ್ಮ ಸಂಕಟವನ್ನು ಹೇಳಿಕೊಳ್ಳುವ ಬಗೆಯೇ ಅದರ ಜರಡಿಯಿಂದ ಜಾರಿಹೋಗುತ್ತದೆ. 'ಖಿನ್ನತೆ'ಯ ಬಗ್ಗೆ ಪ್ರಶ್ನಿಸಿದರೆ ಇಲ್ಲವೆನ್ನುವ ವ್ಯಕ್ತಿ ಮೈಕೈ ನೋವು, ಉರಿ, ನಿಶ್ಶಕ್ತಿಗಳನ್ನು ಕುರಿತು ದೀರ್ಘವಾಗಿ ಹೇಳಬಲ್ಲ. ಮೈಮೇಲೆ ದೈವ ಬರುವುದನ್ನು ರೋಗವೆಂದು ಬರೆದುಕೊಳ್ಳುವುದೂ, ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದೂ ಸಮಾನವಾಗಿ ದೋಷಯುಕ್ತ. ಆದುದರಿಂದ ಕಪೂರ್, ಮನೋವಿಜ್ಞಾನಿ ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಭಾರತೀಯ ಸಂದರ್ಭಕ್ಕೆ ಒಪ್ಪುವ ಮನೋವೈದ್ಯಕೀಯ ಸಂದರ್ಶನ ಸೂಚಿಯೊಂದನ್ನು ಸಿದ್ಧಪಡಿಸಿ 1974ರಲ್ಲಿ ಪ್ರಕಟಿಸಿದರು.

ಇನ್ನೊಂದು ಅಂಶವೂ ಗಮನಾರ್ಹ. ರೋಗಲಕ್ಷಣವುಳ್ಳ ಪ್ರತಿಯೊಬ್ಬನನ್ನೂ 'ರೋಗಿ' ಎಂದು ಎಣಿಸುವ ರೂಢಿಯನ್ನು ಈ ಅಧ್ಯಯನ ಒಪ್ಪಲಿಲ್ಲ. ಲಕ್ಷಣ ಬೇರೆ, ಆ ಲಕ್ಷಣದಿಂದ ನಿತ್ಯದ ದುಡಿಮೆಗೂ ಸಂಬಂಧಗಳಿಗೂ ಒದಗುವ ಕುಂದು ಬೇರೆ, ನೆರವನ್ನು ಅರಸಿ ಹೊರಡುವುದು ಮತ್ತೂ ಬೇರೆ. ಈ ಮೂರನ್ನು ಪ್ರತ್ಯೇಕವಾಗಿ ಪರಿಶೀಲಿಸಿದಾಗ ಮಾತ್ರ ಸಮುದಾಯದ ನಿಜವಾದ 'ಅಗತ್ಯ' ಯಾವುದೆಂದು ತಿಳಿಯುತ್ತದೆ. ರೋಗದ ಗಣತಿಯಿಂದ ಅಗತ್ಯದ ಗಣತಿಗೆ ಇಟ್ಟ ಈ ಹೆಜ್ಜೆಯಲ್ಲಿಯೇ ಸಮಾಜ ಮನೋವಿಜ್ಞಾನವು ಸಾರ್ವಜನಿಕ ಆರೋಗ್ಯವನ್ನು ಸಂಧಿಸುತ್ತದೆ.

ವೈದ್ಯ, ಮಂತ್ರವಾದಿ, ಪಾತ್ರಿ

ಕೋಟದ ಪರಿಸರದಲ್ಲಿ ಮನೋವೈದ್ಯರಿರಲಿಲ್ಲ. ಆದರೆ ಆರೈಕೆಗೆ ಕೊರತೆಯಿರಲಿಲ್ಲ. ನಾಟಿ ಔಷಧ ನೀಡುವ ವೈದ್ಯ, ಮಾಟ ಮಂತ್ರಗಳಿಗೆ ಪರಿಹಾರ ಹೇಳುವ ಮಂತ್ರವಾದಿ, ದೈವದ ಆವೇಶದಲ್ಲಿ ನುಡಿ ಕೊಡುವ ಪಾತ್ರಿ, ಇವರೊಡನೆ ಆಧುನಿಕ ವೈದ್ಯಪದ್ಧತಿಯ ಡಾಕ್ಟರರೂ ಇದ್ದರು. 1975ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಪ್ರಕಟವಾದ ಲೇಖನದಲ್ಲಿ ಕಪೂರ್ ಗ್ರಾಮೀಣ ಆರೈಕೆಯ ಈ ವಿನ್ಯಾಸವನ್ನು ವಿಶ್ಲೇಷಿಸಿದರು. ಜನರು ಇವರಲ್ಲಿ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ತೊರೆಯುತ್ತಿರಲಿಲ್ಲ. ಪಾತ್ರಿಯ ನುಡಿ ಕೇಳಿದವರೇ ಡಾಕ್ಟರರ ಮಾತ್ರೆಯನ್ನೂ ನುಂಗುತ್ತಿದ್ದರು. ಅವರ ದೃಷ್ಟಿಯಲ್ಲಿ ಇದರಲ್ಲಿ ವಿರೋಧವಿರಲಿಲ್ಲ. ಮೂಢನಂಬಿಕೆ ಅಳಿದ ಮೇಲಷ್ಟೇ ಆಧುನಿಕ ಚಿಕಿತ್ಸೆ ಹಳ್ಳಿಯನ್ನು ಪ್ರವೇಶಿಸಬಲ್ಲದು ಎಂಬ ನಗರದ ಗ್ರಹಿಕೆಯನ್ನು ಈ ಶೋಧ ಅಲುಗಿಸಿತು.

ಸಂಸ್ಥೆಯಿಂದ ಸಮುದಾಯಕ್ಕೆ

ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ರೂಪುಗೊಂಡಿತು. ಮರುವರ್ಷ ಅಲ್ಲಿ ಆರಂಭವಾದ ಸಮುದಾಯ ಮನೋವೈದ್ಯಕೀಯ ಘಟಕದ ಕಾರ್ಯದಲ್ಲಿ ಕಪೂರ್ ಪ್ರಧಾನ ಪಾತ್ರ ವಹಿಸಿದರು. ಬೆಂಗಳೂರಿನ ಹೊರವಲಯದ ಸಕಲವಾರ ಗ್ರಾಮದ ಕೇಂದ್ರ ಈ ಪ್ರಯೋಗದ ನೆಲೆಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಾಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಸರಳ ತರಬೇತಿಯ ನೆರವಿನಿಂದ ತೀವ್ರ ಮನೋರೋಗ ಮತ್ತು ಅಪಸ್ಮಾರಗಳನ್ನು ಗುರುತಿಸಬಲ್ಲರೇ, ಚಿಕಿತ್ಸೆಯನ್ನು ಮುಂದುವರಿಸಬಲ್ಲರೇ ಎಂಬುದು ಅಲ್ಲಿ ಪರೀಕ್ಷೆಗೊಳಗಾಯಿತು. ಇದೇ ಕಾಲದಲ್ಲಿ ಹರಿಯಾಣದ ರಾಯಪುರ ರಾಣಿಯಲ್ಲಿಯೂ ಇಂತಹ ಪ್ರಯೋಗ ನಡೆಯಿತು. ಇವೆರಡರ ಅನುಭವವು 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ನಿಮ್ಹಾನ್ಸ್‌ನ ತಜ್ಞರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಪೂರ್ ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು. ಸಾಧು ಸಂನ್ಯಾಸಿಗಳ ಬದುಕನ್ನು ಕುರಿತು ಅವರು ನಡೆಸಿದ ಅಧ್ಯಯನ, 2006ರಲ್ಲಿ ಅವರು ನಿಧನರಾದ ನಂತರ ಗ್ರಂಥರೂಪದಲ್ಲಿ ಬೆಳಕು ಕಂಡಿತು. ಜನರು ಬಾಳಿಗೆ ಕೊಟ್ಟುಕೊಳ್ಳುವ ಅರ್ಥವನ್ನು ಅವರ ನಡುವೆಯೇ ಇದ್ದು ತಿಳಿಯಬೇಕೆಂಬ ಕೋಟದ ಹಂಬಲ ಅಲ್ಲಿಯೂ ಮುಂದುವರಿಯಿತು.

ಉಳಿದಿರುವ ಕೆಲಸ

ಕೋಟದ ಪಾಠದಲ್ಲಿ ಎರಡು ಭಾಗಗಳಿದ್ದವು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬೇಕೆಂಬುದು ಒಂದು. ಹಳ್ಳಿಯು ಸಂಕಟವನ್ನು ಅರ್ಥೈಸುವ ಬಗೆಯನ್ನು ತಿಳಿದು ಒಯ್ಯಬೇಕೆಂಬುದು ಇನ್ನೊಂದು. ಸರ್ಕಾರಿ ಕಾರ್ಯಕ್ರಮಗಳು ಮೊದಲನೆಯದನ್ನು ಸ್ವೀಕರಿಸಿದಷ್ಟು ಎರಡನೆಯದನ್ನು ಸ್ವೀಕರಿಸಲಿಲ್ಲ. ಔಷಧ ಪೂರೈಕೆ ಮತ್ತು ಹೊರರೋಗಿಗಳ ಸಂಖ್ಯೆಗಳೇ ಯಶಸ್ಸಿನ ಮಾನದಂಡಗಳಾದವು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಅಸ್ವಾಸ್ಥ್ಯದ ಬಗೆಯನ್ನು ಅನುಸರಿಸಿ ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡಾ 70ರಿಂದ 92ರವರೆಗೆ ಇತ್ತು. ಸರ್ಕಾರದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಆರೈಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಸಾರಿದೆ. 2022ರಲ್ಲಿ ಟೆಲಿ ಮಾನಸ್ ದೂರವಾಣಿ ಸೇವೆಯೂ ಆರಂಭವಾಗಿದೆ.

ಹಕ್ಕು ಮತ್ತು ದೂರವಾಣಿಗಳೆರಡೂ ಶಿವನಿಯ ಮನೆಯೊಂದರ ಜಗಲಿಯವರೆಗೆ ತಲುಪಬಲ್ಲವು. ಅಲ್ಲಿಂದ ಒಳಕ್ಕೆ ಹೋಗಲು ಆ ಮನೆಯವರು ತಮ್ಮ ಸಂಕಟಕ್ಕೆ ಇಟ್ಟುಕೊಂಡಿರುವ ಹೆಸರೇನು, ಅವರು ಈಗಾಗಲೇ ಯಾರನ್ನು ನಂಬಿದ್ದಾರೆ ಎಂಬುದನ್ನು ಕೇಳುವ ವ್ಯವಧಾನ ಬೇಕು. ಕಪೂರ್ ಅವರ ಸಂಶೋಧನೆ ಇಂದಿಗೂ ಪ್ರಸ್ತುತವಾಗುವುದು ಈ ಕಾರಣದಿಂದ.