ಕಲಾಗ್ರಾಮ ಕಟ್ಟೋಕೆ ಮೊದಲು ಬೇಕಾದ್ದು ಜಾಗವೋ, ಜನವೋ?

ಹೋದ ವಾರದ ಮಾತನ್ನ ಪೂರ್ತಿ ಕೇಳೋಕೆ ಟೈಮ್ ಸಿಗದವರಿಗಾಗಿ, ಓದಲು ಅನುಕೂಲವಾಗುವಂತೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ನಾನಿರೋದು ಹೈದರಾಬಾದಿನ ಉಪ್ಪಲ್‌ನಲ್ಲಿ. ಬೆಳಿಗ್ಗೆ ಮೆಟ್ರೋ ಹತ್ತಿ ರಾಯದುರ್ಗಂವರೆಗೆ ಹೋಗಿ, ರಾತ್ರಿ ಅದೇ ಲೈನಲ್ಲಿ ವಾಪಸ್ ಬರೋ ಜನ ನಾವು. ಕಳೆದ ಯುಗಾದಿ ಹೊತ್ತಿಗೆ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬಂತು. ವರಂಗಲ್ ರಸ್ತೆಯಲ್ಲಿ, ಭುವನಗಿರಿ ದಾಟಿದ ಮೇಲೆ, ನಾಲ್ಕು ಎಕರೆ ಜಾಗ. ಒಂಬತ್ತು ಕುಟುಂಬ ಸೇರಿ ಕೊಂಡು ಅಲ್ಲೊಂದು ಕಲಾಗ್ರಾಮ ಕಟ್ಟೋದು ಅನ್ನೋದು ಪ್ಲಾನ್. ಇನ್ನೂರು ಜನ ಕೂರುವ ಬಯಲು ರಂಗಮಂದಿರ, ಮಣ್ಣಿನ ಕಾಟೇಜುಗಳು, ವಿದೇಶಿ ಕಲಾವಿದರು ಬಂದು ಇರೋಕೆ ಗೆಸ್ಟ್‌ಹೌಸ್. ತ್ರೀಡಿ ಚಿತ್ರ ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನು ಅಡ್ವಾನ್ಸ್ ಕೊಡೋಕೂ ರೆಡಿಯಾಗಿದ್ದೆ.

ಹೆಂಡತಿ ಪಿಡಿಎಫ್ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಸೀಟು ಇನ್ನೂರಿದೆ. ಕೂರೋರು ಯಾರು?"

ಉತ್ತರ ಹೊಳೀಲಿಲ್ಲ. ಹಾಗಾಗಿ, ಇಂಥ ಊರನ್ನ ನಿಜವಾಗಿ ಕಟ್ಟಿದವರು ಯಾವುದನ್ನ ಮೊದಲು ಮಾಡಿದ್ರು, ಯಾವುದನ್ನ ಆಮೇಲೆ ಮಾಡಿದ್ರು ಅಂತ ನೋಡೋಕೆ ಕೂತೆ.

ಹೆಗ್ಗೋಡಿನ ಟೈಮ್‌ಲೈನ್

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಹೆಗ್ಗೋಡು. ಅಡಿಕೆ ತೋಟಗಳ ನಡುವಿನ ಸಣ್ಣ ಊರು. 1949ರಲ್ಲಿ ಇಲ್ಲಿ 'ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ' ಹುಟ್ಟಿತು. ನಮಗೆಲ್ಲ ಗೊತ್ತಿರುವ ನೀನಾಸಂ ಅದೇ. ಕೆ.ವಿ. ಸುಬ್ಬಣ್ಣನವರಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನವರೇ ಆಡೋರು, ಊರಿನವರೇ ನೋಡೋರು.

ಈಗ ವರ್ಷಗಳನ್ನ ಗಮನಿಸಿ. 1957ರಲ್ಲಿ ಅಕ್ಷರ ಪ್ರಕಾಶನ ಶುರುವಾಯ್ತು. ಸುಸಜ್ಜಿತ ರಂಗಮಂದಿರ ಬಂದಿದ್ದು 1972ರಲ್ಲಿ. 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ. ಅಂದ್ರೆ ನಮ್ಮ ಪಿಡಿಎಫ್‌ನಲ್ಲಿ ಮೊದಲ ಪುಟದಲ್ಲಿದ್ದ ಕಟ್ಟಡ ಹೆಗ್ಗೋಡಿನಲ್ಲಿ ಎದ್ದಿದ್ದು 23 ವರ್ಷ ಆದ ಮೇಲೆ! ಅಷ್ಟರಲ್ಲಿ ನೋಡುಗರು ತಯಾರಾಗಿದ್ರು, ಓದೋಕೆ ಪುಸ್ತಕಗಳಿದ್ವು.

ಹಾಗಾದ್ರೆ ಹೊರಜಗತ್ತು ಬಂದಿದ್ದು ಹೇಗೆ? ಗೆಸ್ಟ್‌ಹೌಸ್ ಮೂಲಕ ಅಲ್ಲ, ಕನ್ನಡದ ಮೂಲಕ. ಕುರೊಸಾವಾನ 'ರಾಶೊಮಾನ್', ಡಿ ಸಿಕಾನ 'ಬೈಸಿಕಲ್ ಥೀವ್ಸ್' ಥರದ ಸಿನಿಮಾಗಳನ್ನ ಅಡಿಕೆ ಬೆಳೆಗಾರರು, ಕೂಲಿಯವರು ಕೂತು ನೋಡಿದ್ರು. ಸಿನಿಮಾ ನೋಡೋದು ಹೇಗೆ ಅಂತ ಸುಬ್ಬಣ್ಣ ಕನ್ನಡದಲ್ಲೇ ಬರೆದ್ರು. ಶೇಕ್ಸ್‌ಪಿಯರ್, ಮೋಲಿಯೇರ್, ಬ್ರೆಕ್ಟ್ ಎಲ್ಲರೂ ಕನ್ನಡ ಮಾತಾಡುತ್ತಲೇ ರಂಗಕ್ಕೆ ಬಂದ್ರು.

ನನಗೆ ತುಂಬಾ ಹಿಡಿಸಿದ ಉದಾಹರಣೆ ಮಂಚೀಕೇರಿಯದು. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಈ ಭಾಗದಲ್ಲಿ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರನ್ನ ಶತಮಾನಗಳ ಹಿಂದೆ ಆಫ್ರಿಕಾದಿಂದ ತಂದಿದ್ರು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರು ಈ ಸಿದ್ದಿಗಳ ಜೊತೆ 'ಕಪ್ಪು ಜನ ಕೆಂಪು ನೆರಳು' ಅನ್ನೋ ನಾಟಕ ಮಾಡಿಸಿದ್ರು. ಮೂಲ, ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'. ಯೋಚನೆ ಮಾಡಿ: ಆಫ್ರಿಕಾದ ಕತೆಯನ್ನ, ಆಫ್ರಿಕಾ ಮೂಲದ ಕನ್ನಡನಾಡಿನ ಜನ, ಕನ್ನಡದಲ್ಲಿ ಆಡ್ತಾರೆ. ಯಾರೂ ವಿಮಾನ ಹತ್ತಲಿಲ್ಲ. ಇದಕ್ಕಿಂತ ದೊಡ್ಡ ಸಾಂಸ್ಕೃತಿಕ ವಿನಿಮಯ ಯಾವುದಿದೆ?

ದುಡ್ಡಿನ ವಿಷಯ

ವಿದೇಶಿ ಹಣ ಬರಲೇ ಇಲ್ವಾ? ಬಂತು. 1983ರಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ 'ಜನಸ್ಪಂದನ' ಅನ್ನೋ ಯೋಜನೆ ನಡೀತು. ಊರೂರಿಗೆ ಹೋಗಿ ನಾಟಕ, ಸಿನಿಮಾ ಶಿಬಿರ ಮಾಡೋದು. ಅದು ಬಂದಿದ್ದು 34ನೇ ವರ್ಷದಲ್ಲಿ, ನಡೆದಿದ್ದು ಸುಮಾರು ಎರಡೇ ವರ್ಷ. 1985ರಲ್ಲಿ 'ತಿರುಗಾಟ' ಶುರುವಾಯ್ತು. ತಂಡ ನಾಟಕಗಳನ್ನ ಹೊತ್ತು ಕರ್ನಾಟಕ ಸುತ್ತೋದು, ಪ್ರತಿ ಊರಿನಲ್ಲೂ ಸ್ಥಳೀಯರೇ ಪ್ರದರ್ಶನ ಏರ್ಪಡಿಸೋದು. ನಮ್ಮ ಭಾಷೇಲಿ ಹೇಳೋದಾದ್ರೆ, ಫಂಡಿಂಗ್ ನಿಂತ ಮೇಲೂ ಸಿಸ್ಟಮ್ ಓಡ್ತಾ ಇತ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಲೋಕ ಹೆಗ್ಗೋಡನ್ನ ಗುರುತಿಸೋ ಹೊತ್ತಿಗೆ ಅಲ್ಲಿ ನಾಲ್ಕು ದಶಕದ ಕೆಲಸ ಆಗಿತ್ತು.

ಮೊದಲೇ ಕಟ್ಟಿದ್ರೆ ನಿಲ್ಲೋದೇ ಇಲ್ವಾ?

ಹಾಗೇನಿಲ್ಲ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಪ್ರೋತಿಮಾ ಬೇಡಿ 1990ರಲ್ಲಿ ನೃತ್ಯಗ್ರಾಮ ಶುರು ಮಾಡಿದ್ರು. ಜೆರಾರ್ಡ್ ಡ ಕುನ್ಹಾ ವಿನ್ಯಾಸ ಮಾಡಿದ ಊರು ಅದು. 1998ರಲ್ಲಿ ಹಿಮಾಲಯದ ಮಾಲ್ಪಾ ಭೂಕುಸಿತದಲ್ಲಿ ಪ್ರೋತಿಮಾ ತೀರಿಕೊಂಡ್ರು. ಎಂಟೇ ವರ್ಷಕ್ಕೆ ಕಟ್ಟಿದವರು ಹೋದ್ರೂ ಗ್ರಾಮ ಉಳೀತು. ಯಾಕಂದ್ರೆ ಸುರೂಪಾ ಸೇನ್ ಥರದ ಕಲಾವಿದರು ಅಲ್ಲೇ ಇದ್ದು ದಿನಾ ಒಡಿಸ್ಸಿ ಅಭ್ಯಾಸ ಮಾಡ್ತಾ ಇದ್ರು. 2012ರಲ್ಲಿ ಶ್ರೀಲಂಕಾದ ಚಿತ್ರಸೇನ ತಂಡದ ಜೊತೆ ಸೇರಿ 'ಸಂಹಾರ' ಮಾಡಿದ್ರು. ಒಡಿಸ್ಸಿ ಒಡಿಸ್ಸಿಯಾಗೇ ಇತ್ತು, ಅವರ ಕ್ಯಾಂಡಿಯನ್ ನೃತ್ಯ ಅದಾಗೇ ಇತ್ತು, ಎರಡೂ ಒಂದೇ ವೇದಿಕೆ ಮೇಲೆ ಎದುರುಬದುರಾದ್ವು. ವಿನಿಮಯ ಅಂದ್ರೆ ಕೊಡೋಕೆ ನಮ್ಮ ಕೈಯಲ್ಲೂ ಏನಾದ್ರೂ ಇರಬೇಕಲ್ವಾ?

ಹೆಗ್ಗೋಡಿನಲ್ಲಿ ನೋಡುಗರಿದ್ರು, ಹೆಸರಘಟ್ಟದಲ್ಲಿ ಸಾಧಕರಿದ್ರು. ನಮ್ಮ ನಾಲ್ಕು ಎಕರೆಯಲ್ಲಿ ಇವೆರಡೂ ಇರಲಿಲ್ಲ. ಶನಿವಾರ ಹೋಗಿ ಭಾನುವಾರ ಬರೋ ಒಂಬತ್ತು ಕಾರುಗಳಿದ್ವು, ಅಷ್ಟೇ.

ಇಲ್ಲೇ ಉಪ್ಪಲ್‌ನಲ್ಲಿ ಮಿನಿ ಶಿಲ್ಪಾರಾಮ ಇದೆ. ವೀಕೆಂಡ್ ಸಂಜೆ ಕೂಚಿಪುಡಿ ನೋಡೋಕೆ ಮಗಳನ್ನ ಕರ್ಕೊಂಡು ಹೋಗ್ತೀನಿ. ಚೆನ್ನಾಗೇ ಇರುತ್ತೆ. ಆದ್ರೆ ಮುಗಿದ ಮೇಲೆ ಕುಣಿದವರೂ ನೋಡಿದವರೂ ಪರಿಚಯವೇ ಇಲ್ಲದೆ ಬೇರೆ ಬೇರೆ ಆಟೋ ಹತ್ತುತ್ತಾರೆ. ವೇದಿಕೆ ಇದ್ದ ಮಾತ್ರಕ್ಕೆ ಊರಾಗಲ್ಲ.

ಕೊನೆಗೆ ನಾನು ಅಡ್ವಾನ್ಸ್ ಕೊಡಲಿಲ್ಲ. ಗುಂಪಿನಲ್ಲಿ ಇಬ್ಬರು ಇನ್ನೂ ಸಿಟ್ಟಾಗಿದ್ದಾರೆ, ಅವರ ಕನಸನ್ನ ನಾನು ಹಗುರ ಮಾಡ್ತಿಲ್ಲ. ಅದರ ಬದಲು ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಒಂದು ಓದು ಇಟ್ಕೊಂಡ್ವಿ. ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಂ' ನಾಟಕದ ಒಂದು ದೃಶ್ಯವನ್ನ ನಾವೇ ಕನ್ನಡಕ್ಕೆ ಮಾಡ್ಕೊಂಡಿದ್ವಿ. ಬಂದಿದ್ದು ಹನ್ನೊಂದು ಜನ, ಅದರಲ್ಲಿ ನಾಲ್ವರು ತೆಲುಗಿನ ನೆರೆಯವರು. ಅವರು ಮೂಲ ಪುಸ್ತಕ ತೆರೆದಿಟ್ಕೊಂಡು ಕೂತಿದ್ರು. ಒಂದು ಕಡೆ ಅವರು ಜೋರಾಗಿ ನಕ್ಕರು, ಕನ್ನಡದವರು ಸುಮ್ಮನಿದ್ವಿ. ಅನುವಾದ ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಯ್ತು. ತೆಲುಗಲ್ಲೇ ಆಡಿ ಬೆಳೀತಿರೋ ನನ್ನ ಮಗಳು, ಆ ಮಾತಿಗೆ ಕನ್ನಡದಲ್ಲಿ ಏನಂತಾರೆ ಅಂತ ಮೊದಲ ಸಲ ತಾನಾಗೇ ಕೇಳಿದಳು.

ನೀವು ಪುಣೆಯಲ್ಲಿರಿ, ಡಲ್ಲಾಸ್‌ನಲ್ಲಿರಿ, ಜಾಗ ನೋಡೋ ಮೊದಲು ಪಕ್ಕದ ಮನೆ ಬಾಗಿಲು ತಟ್ಟಿ. ನಮ್ಮ ಮುಂದಿನ ಓದು ಬರೋ ತಿಂಗಳು. ತಪ್ಪಿದ ಆ ಸಾಲನ್ನ ತಿದ್ದೋದರಿಂದಲೇ ಶುರು ಮಾಡ್ತೀವಿ.