ನರಕೋಶದ ಉಂಡೆಗಳು ಮತ್ತು ಕೆಟ್ಟ ವಿಲೇವಾರಿ

ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಅಳಿದುಳಿದ ನರಕೋಶಗಳೊಳಗೆ ದುಂಡನೆಯ ಉಂಡೆಗಳು ಕಾಣುತ್ತವೆ. 1912ರಲ್ಲಿ ಫ್ರಿಟ್ಜ್ ಲೆವಿ ವರ್ಣಿಸಿದ ಈ ಉಂಡೆಗಳ ಮುಖ್ಯ ಸರಕು ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು. ಅಲ್ಝೈಮರ್‌ನಲ್ಲಿ ಕೋಶದೊಳಗೆ ಟೌ, ಹಂಟಿಂಗ್ಟನ್ ಕಾಯಿಲೆಯಲ್ಲಿ ಹಂಟಿಂಗ್ಟಿನ್. ಪ್ರೋಟೀನು ಬೇರೆಯಾದರೂ ಗಡ್ಡೆಗಟ್ಟುವ ಬಗೆ ಒಂದೇ ತೆರ. ಹಾಗಾಗಿ ಉಂಡೆಯೇ ಕೊಲೆಗಾರ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಕಳೆದ ಕಾಲು ಶತಮಾನದ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಆ ಪ್ರೋಟೀನನ್ನು ಒಡೆದು ಹಾಕಬೇಕಿದ್ದ ವ್ಯವಸ್ಥೆ ಎಲ್ಲಿ ಕೆಟ್ಟಿತು ಎಂಬುದನ್ನೇ ಮೊದಲು ಹುಡುಕಬೇಕೆಂದು ನನಗನ್ನಿಸುತ್ತದೆ.

ಕೋಶ ಎರಡು ದಾರಿಯಲ್ಲಿ ಪ್ರೋಟೀನನ್ನು ಒಡೆಯುತ್ತದೆ. ಮೊದಲನೆಯದರಲ್ಲಿ, ಬೇಡವಾದ ಪ್ರೋಟೀನಿಗೆ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ. ಪೀಪಾಯಿಯಾಕಾರದ ಪ್ರೋಟಿಯಾಸೋಮ್ ಅದನ್ನು ಬಿಡಿಸಿ ಎಳೆದುಕೊಂಡು ತುಂಡರಿಸುತ್ತದೆ. ಪೀಪಾಯಿಯ ಬಾಯಿ ಕಿರಿದು, ಗಡ್ಡೆಗಟ್ಟಿದ್ದು ಅದರೊಳಗೆ ಹೋಗದು. ಅಂಥದ್ದಕ್ಕೆ ಎರಡನೆಯ ದಾರಿ, ಆಟೊಫೇಜಿ: ಸರಕನ್ನು ಪೊರೆಯ ಚೀಲದಲ್ಲಿ ಸುತ್ತಿ, ಜೀರ್ಣಿಸುವ ಕಿಣ್ವಗಳಿರುವ ಲೈಸೋಸೋಮ್‌ಗೆ ಒಪ್ಪಿಸುವುದು. ವಿಭಜನೆಯಾಗುವ ಕೋಶ ತನ್ನ ಕೊಳೆಯನ್ನು ಮರಿಕೋಶಗಳಿಗೆ ಹಂಚಿ ಹಗುರಾಗುತ್ತದೆ. ಬೆಳೆದ ನರಕೋಶ ವಿಭಜನೆಯಾಗುವುದಿಲ್ಲ. ಮೇಲಾಗಿ, ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರತಂತುವಿನ ತುದಿಯಲ್ಲಿ ಹುಟ್ಟಿದ ಚೀಲ ಸುಮಾರು ಒಂದು ಮೀಟರ್ ದೂರ ಸಾಗಿ ಬರಬೇಕು.

ವಿಲೇವಾರಿ ಕೆಟ್ಟದ್ದು ರೋಗದ ಪರಿಣಾಮವೇ ಹೊರತು ಕಾರಣವಲ್ಲ ಎಂಬ ಆಕ್ಷೇಪ ಸಹಜ. ಅದಕ್ಕೆ 2006ರಲ್ಲಿ ಜಪಾನಿನ ಎರಡು ತಂಡಗಳು ಉತ್ತರ ಕೊಟ್ಟವು. ಇಲಿಗಳ ನರಕೋಶಗಳಲ್ಲಿ ಆಟೊಫೇಜಿಗೆ ಬೇಕಾದ ಒಂದೊಂದು ಜೀನನ್ನು ತೆಗೆದರು. ರೋಗ ತರುವ ಯಾವ ಪ್ರೋಟೀನನ್ನೂ ಸೇರಿಸಲಿಲ್ಲ. ಆದರೂ ಉಂಡೆಗಳು ಕಟ್ಟಿದವು, ಚಲನೆ ತಪ್ಪಿತು, ಒಂದು ತಂಡದ ಇಲಿಗಳು 28 ವಾರಗಳೊಳಗೆ ಸತ್ತವು. ಇಲಿಯಲ್ಲಿ ಜೀನನ್ನೇ ಕಿತ್ತುಹಾಕುವುದು ದಶಕಗಟ್ಟಲೆ ನಡೆಯುವ ಮನುಷ್ಯರ ಕಾಯಿಲೆಗೆ ಸಮವಲ್ಲ, ನಿಜ. ಆದರೆ ಮನುಷ್ಯರ ಜೀನುಗಳೂ ಅದೇ ಕಡೆಗೆ ಬೆರಳು ತೋರುತ್ತವೆ. 1998ರಲ್ಲಿ ಪತ್ತೆಯಾದ ಪಾರ್ಕಿನ್ ಜೀನು ಯುಬಿಕ್ವಿಟಿನ್ ಅಂಟಿಸುವ ಕಿಣ್ವದ್ದು. ಅದು ಕೆಟ್ಟವರಿಗೆ ಎಳೆಯ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ, ಅವರಲ್ಲಿ ಹಲವರ ಮಿದುಳಿನಲ್ಲಿ ಲೆವಿಯ ಉಂಡೆಗಳೇ ಇರುವುದಿಲ್ಲ! ಉಂಡೆಯಿಲ್ಲದೆಯೂ ಕೋಶ ಸಾಯುವುದಾದರೆ ಉಂಡೆಯನ್ನು ಹೇಗೆ ದೂರುವುದು? ಹಂಟಿಂಗ್ಟಿನ್ ತುಂಬಿದ ನರಕೋಶಗಳನ್ನು ಒಂದೊಂದಾಗಿ ದಿನಗಟ್ಟಲೆ ಹಿಂಬಾಲಿಸಿದ 2004ರ ಪ್ರಯೋಗದಲ್ಲಂತೂ ಉಂಡೆ ಕಟ್ಟಿಕೊಂಡ ಕೋಶಗಳೇ ಹೆಚ್ಚು ಕಾಲ ಬದುಕಿದವು. ಒಡೆಯಲಾಗದ್ದನ್ನು ಒಂದೆಡೆ ಕೂಡಿಡುವುದು ಕೋಶದ ಆತ್ಮರಕ್ಷಣೆಯಿರಬೇಕು.

ಹಾಗಾದರೆ ಆಟೊಫೇಜಿಯನ್ನು ಚುರುಕುಗೊಳಿಸಿದರೆ ಸಾಕೇ? ಇಲ್ಲಿ ಅವಸರ ಸಲ್ಲದು. ಅಲ್ಝೈಮರ್ ಪೀಡಿತ ಮಿದುಳಿನಲ್ಲಿ ಅರ್ಧಂಬರ್ಧ ಜೀರ್ಣವಾದ ಚೀಲಗಳು ನರತಂತುಗಳಲ್ಲಿ ಕಿಕ್ಕಿರಿದಿರುತ್ತವೆ. ಅಡಚಣೆ ಇರುವುದು ಕೊನೆಯ ಹಂತದಲ್ಲಿ. ಅಂಥಲ್ಲಿ ಇನ್ನಷ್ಟು ಚೀಲ ಹುಟ್ಟಿಸುವುದು ಮೋರಿ ಕಟ್ಟಿಕೊಂಡಾಗ ನಲ್ಲಿ ಜೋರಾಗಿ ತಿರುಗಿಸಿದಂತೆ. ಆದ್ದರಿಂದ ಯಾವ ರೋಗಿಯಲ್ಲಿ ಯಾವ ಹಂತ ಕೆಟ್ಟಿದೆ ಎಂದು ತಿಳಿದೇ ಮದ್ದು ಹುಡುಕಬೇಕು. ಜಿಬಿಎ ಎಂಬ ಜೀನು ಲೈಸೋಸೋಮಿನ ಒಂದು ಕಿಣ್ವದ್ದು, ಅದರ ದೋಷ ಪಾರ್ಕಿನ್ಸನ್ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಕೆಮ್ಮಿನ ಸಿರಪ್ಪುಗಳಲ್ಲಿರುವ ಆಂಬ್ರಾಕ್ಸಾಲ್ ಇದೇ ಕಿಣ್ವಕ್ಕೆ ಬಲ ಕೊಡುತ್ತದೆ. 2020ರಲ್ಲಿ ಪ್ರಕಟವಾದ ಲಂಡನ್ನಿನ ಸಣ್ಣ ಪ್ರಯೋಗದಲ್ಲಿ, ಪಾರ್ಕಿನ್ಸನ್ ರೋಗಿಗಳ ಮಿದುಳುಬಳ್ಳಿಯ ದ್ರವಕ್ಕೆ ಈ ಔಷಧ ತಲುಪಿ ಕಿಣ್ವದ ಪ್ರಮಾಣ ಏರಿತು. ಹೋಲಿಕೆಗೆ ಹುಸಿಮದ್ದಿನ ಗುಂಪು ಇರಲಿಲ್ಲವಾದ್ದರಿಂದ ರೋಗದ ನಡೆ ನಿಧಾನವಾಯಿತೇ ಎಂದು ಅದರಿಂದ ಹೇಳಲಾಗದು. ಅದನ್ನು ತಿಳಿಯಲು ಹುಸಿಮದ್ದಿನ ಜೊತೆ ಹೋಲಿಸುವ ದೊಡ್ಡ ಪ್ರಯೋಗವೇ ಬೇಕು.