ಇರುವೆ ಸಾಕಿ ನೋಡಿ, ಹೊಲ ಅರ್ಥವಾಗುತ್ತೆ

ದನ, ಕುರಿ, ಕೋಳಿ, ಜೇನು ಸಾಕಿದವರ ಅನುಭವ ಈ ಪತ್ರಿಕೆಯಲ್ಲಿ ಎಷ್ಟೋ ಬಂದಿವೆ. ಇರುವೆ ಸಾಕಿದವರ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ನಾಲ್ಕು ವರ್ಷದಿಂದ ಗಾಜಿನ ಗೂಡಲ್ಲಿ ಇರುವೆ ಸಾಕಿಕೊಂಡಿದ್ದೇನೆ. ಇದರಿಂದ ಹಾಲಿಲ್ಲ, ಮೊಟ್ಟೆಯಿಲ್ಲ, ತುಪ್ಪವಿಲ್ಲ. ಖರ್ಚು ಅಂದರೆ ವಾರಕ್ಕೆ ಒಂದು ಚಮಚ ಬೆಲ್ಲದ ನೀರು, ನಾಲ್ಕು ಸತ್ತ ನೊಣ. ಮತ್ತೆ ಲಾಭ ಏನು ಅಂತ ಕೇಳಿದರೆ, ಬಿತ್ತಿದ ಎಳ್ಳು ರಾಗಿಯನ್ನ ಯಾವ ಇರುವೆ, ಯಾವ ಹೊತ್ತಲ್ಲಿ, ಎಷ್ಟು ದೂರದಿಂದ ಬಂದು ಹೊತ್ತೊಯ್ಯುತ್ತೆ ಅಂತ ತಿಳಿಯಿತು. ವಿಷದ ಪುಡಿ ತರೋ ದುಡ್ಡು ಉಳಿಯಿತು.

ಮಳೆ ನಂಬಿ ಬಿತ್ತೋರಿಗೆ ಇದು ಸಣ್ಣ ಮಾತಲ್ಲ. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಹದ ಒಂದು ಸಲ ಸಿಕ್ಕರೆ ಸಿಕ್ಕಿತು. ಬದುವಿನ ಪಕ್ಕ ನಾಲ್ಕು ಸಾಲು ಹುಟ್ಟದೆ ಬೋಳಾದರೆ ಮತ್ತೆ ಬಿತ್ತೋಕೆ ಬೀಜವೂ ಇರೋದಿಲ್ಲ, ಹದವೂ ಇರೋದಿಲ್ಲ. ಆಗ ಎಲ್ಲರ ಬೆರಳು ಇರುವೆ ಕಡೆ ತಿರುಗುತ್ತೆ. ಅಂಗಡಿಗೆ ಹೋಗಿ ಪುಡಿ ತಂದು ಗೂಡಿಗೆ ಸುರಿಯೋದು ಸುಲಭ. ಅದಕ್ಕೆ ಮೊದಲು ಗೂಡಿನೊಳಗೆ ಏನು ನಡೀತದೆ ಅಂತ ನೋಡಿದರೆ ಒಳ್ಳೇದು.

ರಾಣಿ ಸಿಗುವ ಹೊತ್ತು

ಸಾಕೋಕೆ ಹೊಸಬರಿಗೆ ಒಳ್ಳೇದು ದೊಡ್ಡ ಕಪ್ಪು ಇರುವೆ. ನಾವು ಕಟ್ಟಿರುವೆ ಅಂತೀವಿ, ಕೆಲವು ಕಡೆ ಗೊದ್ದ ಅಂತಾರೆ. ಶಾಸ್ತ್ರದಲ್ಲಿ ಅದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಮೈ ದೊಡ್ಡದು, ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಕಚ್ಚುತ್ತೆ ನಿಜ, ಆದರೆ ಕೆಂಪಿರುವೆ ಹಾಗೆ ಮುಳ್ಳು ಚುಚ್ಚಿ ಉರಿ ಹಚ್ಚೋದಿಲ್ಲ.

ಮುಂಗಾರಿನ ಮೊದಮೊದಲ ಮಳೆ ಬಿದ್ದ ಮೇಲೆ ಸಂಜೆ ರೆಕ್ಕೆಯಿರುವೆ ಹಾರುತ್ತವೆ. ದೀಪಕ್ಕೆ ಬಂದು ಮುತ್ತುತ್ತವೆ. ಇರುವೆಗೆ ರೆಕ್ಕೆ ಬಂದರೆ ಸಾಯೋ ಕಾಲ ಬಂತು ಅಂತ ನಮ್ಮಲ್ಲಿ ಮಾತಿದೆ. ಗಂಡಿನ ಮಟ್ಟಿಗೆ ಅದು ನಿಜ. ಕೂಡಿದ ಮೇಲೆ ಅವು ಹೆಚ್ಚು ದಿನ ಉಳಿಯೋದಿಲ್ಲ. ಹೆಣ್ಣಿಗೆ ಮಾತ್ರ ಸಂಸಾರ ಶುರುವಾಗೋದೇ ಅಲ್ಲಿಂದ. ಅದು ನೆಲಕ್ಕೆ ಇಳಿದು ತನ್ನ ರೆಕ್ಕೆ ತಾನೇ ಕಳಚಿ ಹಾಕುತ್ತೆ. ದಪ್ಪ ಎದೆ, ದಪ್ಪ ಹೊಟ್ಟೆ, ರೆಕ್ಕೆ ಇಲ್ಲದೆ ಒಂಟಿಯಾಗಿ ಸಂದಿ ಹುಡುಕುತ್ತಾ ಓಡುತ್ತಿದ್ದರೆ ಅದೇ ಹೊಸ ರಾಣಿ. ಗೂಡು ಅಗೆದು ಹಳೇ ರಾಣಿಯನ್ನ ತೆಗೆಯೋದು ಬೇಡ. ಗೂಡೇ ಹಾಳಾಗುತ್ತೆ, ರಾಣಿಯೂ ಸಾಮಾನ್ಯಕ್ಕೆ ಸಿಗೋದಿಲ್ಲ.

ಶಾಲೆಯಲ್ಲಿ ಬಳಸೋ ಉದ್ದನೆ ಗಾಜಿನ ನಳಿಗೆ ಸಾಕು. ಮೂರರಲ್ಲಿ ಒಂದು ಪಾಲು ನೀರು ತುಂಬಿ, ಹತ್ತಿ ಗಟ್ಟಿಯಾಗಿ ತುರುಕಬೇಕು. ಹತ್ತಿ ತೇವವಾಗಿರಬೇಕು, ನೀರು ಸೋರಬಾರದು. ಈಚೆ ಕಡೆ ರಾಣಿಯನ್ನ ಬಿಟ್ಟು ಬಾಯಿಗೂ ಹತ್ತಿ ಇಡಿ. ಕಪ್ಪು ಬಟ್ಟೆ ಸುತ್ತಿ ಅಲುಗಾಡದ ತಂಪು ಜಾಗದಲ್ಲಿ ಮಲಗಿಸಿ. ಊಟ ಹಾಕಬೇಡಿ. ರೆಕ್ಕೆ ಬಡಿಯೋಕೆ ಅಂತ ಎದೆಯಲ್ಲಿ ಬೆಳೆಸಿಕೊಂಡ ಮಾಂಸವನ್ನೇ ಕರಗಿಸಿ ಆಕೆ ಮೊದಲ ಮರಿಗಳನ್ನ ಸಾಕುತ್ತಾಳೆ. ವಾರಕ್ಕೊಂದು ಸಲಕ್ಕಿಂತ ಹೆಚ್ಚು ತೆಗೆದು ನೋಡಬಾರದು. ಪದೇ ಪದೇ ಅಲುಗಾಡಿಸಿದರೆ ಇಟ್ಟ ಮೊಟ್ಟೆಯನ್ನ ತಾನೇ ತಿಂದುಬಿಡ್ತಾಳೆ.

ನನ್ನ ರಾಣಿಗೆ ಮೊದಲ ಕೆಲಸಗಾರ ಇರುವೆ ಬರೋಕೆ ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಮೊದಲ ಹೆರಿಗೆಯವು ತೀರಾ ಸಣ್ಣವು. ಅವು ಓಡಾಡೋಕೆ ಶುರು ಮಾಡಿದ ಮೇಲೆ ಬೆಲ್ಲದ ನೀರಿನ ಒಂದು ಹನಿ, ಸತ್ತ ನೊಣದ ಒಂದು ಚೂರು ಕೊಡಬೇಕು. ಸಿಹಿ ದುಡಿಯೋರಿಗೆ, ಮಾಂಸ ಮರಿಗಳಿಗೆ. ಎರಡರಲ್ಲಿ ಒಂದು ತಪ್ಪಿದರೂ ಗೂಡು ಏಳೋದಿಲ್ಲ.

ಗಾಜಿನ ಗೂಡು

ನೂರಕ್ಕೆ ಹತ್ತಿರ ಬಂದಾಗ ಗಾಜಿನ ಗೂಡಿಗೆ ಬದಲಾಯಿಸಿದೆ. ಫೋಟೋ ಕಟ್ಟಿನ ಎರಡು ಗಾಜು, ನಡುವೆ ಅರ್ಧ ಇಂಚು ಸಂದಿ, ಮೂರು ಕಡೆ ಮರದ ಪಟ್ಟಿ. ಸಂದಿಗೆ ಜರಡಿ ಹಿಡಿದ ಕೆಮ್ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ, ಹಿಡಿದರೆ ಉಂಡೆ ಕಟ್ಟೋ ಹದಕ್ಕೆ ನೆನೆಸಿ ತುಂಬಿದೆ. ಒಂದು ಮೂಲೆಯಿಂದ ಸಣ್ಣ ಪ್ಲಾಸ್ಟಿಕ್ ಕೊಳವೆ ಪಕ್ಕದ ಡಬ್ಬಿಗೆ ಹೋಗುತ್ತೆ. ಆ ಡಬ್ಬಿಯೇ ಅವಕ್ಕೆ ಹೊಲ. ಊಟ ಅಲ್ಲೇ ಇಡೋದು. ಡಬ್ಬಿಯ ಒಳಅಂಚಿಗೆ ಮುಖಕ್ಕೆ ಹಚ್ಚೋ ಪೌಡರನ್ನ ನೀರಲ್ಲಿ ಕದಡಿ ಬಳಿದು ಒಣಗಿಸಿದರೆ ಕಾಲು ಜಾರಿ ಹತ್ತಲಾರವು. ಮೇಲಿಂದ ಗಾಳಿಯಾಡೋ ಸಣ್ಣ ಜಾಲರಿ. ಎಲ್ಲವನ್ನೂ ನೀರಿನ ತಟ್ಟೆಯೊಳಗೆ ಇಟ್ಟರೆ ಮನೆಯೊಳಗೆ ಹೆಂಗಸರ ಬೈಗುಳವಿಲ್ಲ.

ಇದೇನು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ ಜಾನ್ ಲಬಕ್ ಅನ್ನೋ ಬ್ಯಾಂಕಿನ ಯಜಮಾನರು ಹೀಗೇ ಎರಡು ಗಾಜಿನ ನಡುವೆ ಇರುವೆ ಸಾಕಿ, 1882ರಲ್ಲಿ ಇರುವೆ, ಜೇನು, ಕಣಜದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅವರು ಸಾಕಿದ ಒಂದು ರಾಣಿ ಇರುವೆ 1874ರಿಂದ 1888ರವರೆಗೆ ಬದುಕಿತ್ತು. ನಮ್ಮ ಒಂದು ಜೊತೆ ಎತ್ತಿನ ದುಡಿಮೆ ಕಾಲ ಅಷ್ಟು ಬರೋದಿಲ್ಲ! ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಇರುವೆಗೆ ಕಾಣುತ್ತೆ ಅಂತ ತೋರಿಸಿದವರೂ ಅವರೇ. ಕೆಂಪು ಬಣ್ಣ ಮಾತ್ರ ಇರುವೆಗೆ ಅಷ್ಟಾಗಿ ತಿಳಿಯೋದಿಲ್ಲ. ಅದಕ್ಕೇ ಗಾಜಿಗೆ ಕೆಂಪು ಪಾರದರ್ಶಕ ಹಾಳೆ ಅಂಟಿಸಿದರೆ ಅವು ಕತ್ತಲೆ ಅಂದುಕೊಂಡು ತಮ್ಮ ಕೆಲಸ ಮಾಡಿಕೊಂಡಿರುತ್ತವೆ, ನಾವು ನೋಡಬಹುದು.

ಗೂಡಲ್ಲಿ ಕಂಡದ್ದು

ನಾವು ಇರುವೆ ಮೊಟ್ಟೆ ಅಂತ ಕರೆಯೋ ಬಿಳಿ ಅಕ್ಕಿಕಾಳಿನಂಥದ್ದು ಮೊಟ್ಟೆ ಅಲ್ಲ. ಅದು ರೇಷ್ಮೆಗೂಡಿನ ಹಾಗೆ ಮರಿ ನೂಲು ಸುತ್ತಿಕೊಂಡು ಮಲಗಿದ ಕೋಶ. ನಿಜವಾದ ಮೊಟ್ಟೆ ಗಸಗಸೆಯಷ್ಟು ಸಣ್ಣದು.

ಇರುವೆ ಮೊಟ್ಟೆ ಹೊತ್ತು ಮೇಲೆ ಹತ್ತಿದರೆ ಮಳೆ ಬರುತ್ತೆ ಅಂತ ಹಿರಿಯರು ಹೇಳ್ತಾರೆ. ಗಾಜಿನ ಗೂಡಿನ ತಳಕ್ಕೆ ನೀರು ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಮರಿ, ಕೋಶ ಎಲ್ಲ ಹೊತ್ತು ಮೇಲಿನ ಕೋಣೆಗೆ ಸಾಗಿಸಿದವು. ಮೇಲಿನ ಮಣ್ಣು ಒಣಗಿದಾಗ ಮತ್ತೆ ಕೆಳಗೆ ತಂದವು. ತೇವ ಎಲ್ಲಿ ಹದವಾಗಿದೆಯೋ ಅಲ್ಲಿ ಮರಿ. ನಾವು ಹದ ನೋಡಿ ಬಿತ್ತೋ ಹಾಗೆ ಅವೂ ಹದ ನೋಡುತ್ತವೆ.

ದುಡಿಯೋ ಇರುವೆಗಳೆಲ್ಲ ಹೆಣ್ಣು. ಹೊರಗೆ ಹೋಗಿ ಬೆಲ್ಲದ ನೀರು ಕುಡಿದು ಬಂದದ್ದು ಅದನ್ನ ತಾನೇ ಅರಗಿಸಿಕೊಳ್ಳೋದಿಲ್ಲ. ಹೊಟ್ಟೆಯಲ್ಲಿ ಬೇರೆ ಒಂದು ಚೀಲ ಇದೆ, ಅದರಲ್ಲಿ ತಂದು ಬಾಯಿಂದ ಬಾಯಿಗೆ ಹಂಚುತ್ತೆ. ನೀಲಿ ಬಣ್ಣ ಕಲೆಸಿದ ಸಕ್ಕರೆ ನೀರು ಕೊಟ್ಟರೆ, ಹೊರಗೆ ಬಾರದ ಇರುವೆಗಳ ಹೊಟ್ಟೆಯೂ ಮಾರನೇ ದಿನ ನೀಲಿ ಕಾಣುತ್ತೆ. ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಸತ್ತವನ್ನು, ಕಸವನ್ನು ಒಂದೇ ಮೂಲೆಗೆ ಹೊತ್ತು ಹಾಕುತ್ತವೆ. ತಿಪ್ಪೆ ಮನೆಯಿಂದ ದೂರ.

ಹೇನು ಹತ್ತಿದ ಅವರೆ ಕುಡಿಯನ್ನ ಒಂದು ದಿನ ಡಬ್ಬಿಯಲ್ಲಿ ಇಟ್ಟೆ. ಕಟ್ಟಿರುವೆ ಮೀಸೆಯಿಂದ ಹೇನಿನ ಬೆನ್ನು ತಟ್ಟುತ್ತೆ, ಹೇನು ಹಿಂದಿನಿಂದ ಸಿಹಿ ಹನಿ ಬಿಡುತ್ತೆ. ಹಸು ಕರೆದ ಹಾಗೇ! ಗುಲಗಂಜಿ ಹುಳ ಬಿಟ್ಟರೆ ಅಟ್ಟಿಸಿಕೊಂಡು ಹೋದವು. ಹೊಲದಲ್ಲಿ ಅವರೆ ಬಳ್ಳಿಗೆ ಕಟ್ಟಿರುವೆ ಸಾಲು ಹತ್ತಿದ್ದರೆ ಈಗ ನಾನು ಮೊದಲು ಕುಡಿ ಮಗುಚಿ ನೋಡ್ತೀನಿ. ಅಲ್ಲಿ ಹೇನು ಇರುತ್ತೆ. ನಾಲ್ಕು ಕುಡಿ ಇದ್ದಾಗಲೇ ಚಿವುಟಿ ಹಾಕಿದರೆ ಸಿಂಪರಣೆ ತಪ್ಪುತ್ತೆ. ಈ ವಿಷಯದಲ್ಲಿ ಇರುವೆ ನಮ್ಮ ಕಡೆಯದಲ್ಲ, ಹೇನಿನ ಕಡೆಯದು. ಆದರೆ ಸುಳಿವು ಕೊಡೋದೂ ಅದೇ.

ಕಾಳು ಸಾಗಿಸೋರ ಲೆಕ್ಕ

ಬಿತ್ತಿದ ಬೀಜ ಹೊರುವುದು ಕಟ್ಟಿರುವೆಯಲ್ಲ. ಅದು ಬೇರೆ ಜಾತಿ, ಸಣ್ಣದು. ಬದುವಿನಲ್ಲಿ, ದಾರಿ ಅಂಚಿನಲ್ಲಿ ಗೂಡು ಮಾಡುತ್ತೆ. ಬಾಯಿ ಸುತ್ತ ಹೊಟ್ಟಿನ ರಾಶಿ ಇರೋದೇ ಗುರುತು. ಈ ಕೆಲಸವೂ ಹಳೇದೇ. ಪುಣೆ ಸೀಮೆಯಲ್ಲಿದ್ದ ಸೈಕ್ಸ್ ಅನ್ನೋ ಸೈನ್ಯಾಧಿಕಾರಿ ಅಲ್ಲಿನ ಕಾಳು ಕೂಡಿಡೋ ಇರುವೆ, ಮಳೆಯಲ್ಲಿ ನೆನೆದ ಹುಲ್ಲಿನ ಬೀಜವನ್ನ ಹೊರಗೆ ತಂದು ಬಿಸಿಲಿಗೆ ಒಣಗಿಸೋದನ್ನ ಕಂಡು ಬರೆದಿದ್ದಾರೆ. 1835ರಲ್ಲಿ ಅವರು ಅದಕ್ಕೆ ಇಟ್ಟ ಹೆಸರಿನ ಅರ್ಥವೇ ಮುಂದಿನ ಯೋಚನೆ ಉಳ್ಳದ್ದು ಅಂತ.

ಈ ಜಾತಿಯನ್ನ ಮನೆಗೆ ತರಲಿಲ್ಲ, ಗೂಡಿನ ಹತ್ತಿರವೇ ಕೂತು ನೋಡಿದೆ. ರಟ್ಟಿನ ಮೇಲೆ ಎಳ್ಳು, ರಾಗಿ, ನವಣೆ, ಸಜ್ಜೆ, ಹುರುಳಿ, ತೊಗರಿ ಇಪ್ಪತ್ತಿಪ್ಪತ್ತು ಕಾಳು ಇಟ್ಟೆ. ಬೆಳಿಗ್ಗೆ ಒಂದು ಗಂಟೆಯೊಳಗೆ ಎಳ್ಳು, ರಾಗಿ, ನವಣೆ ಖಾಲಿ. ಸಜ್ಜೆ ಅರ್ಧ ಹೋಯಿತು. ಹುರುಳಿ, ತೊಗರಿ ಮುಟ್ಟಲಿಲ್ಲ. ಮತ್ತೊಂದು ದಿನ ಇಪ್ಪತ್ತು ರಾಗಿ ಕಾಳು ಮಣ್ಣಿನ ಮೇಲೆ, ಇಪ್ಪತ್ತು ಕಾಳು ಬೆರಳಿನ ಒಂದು ಗೆಣ್ಣಿನಷ್ಟು ಆಳದಲ್ಲಿ ಹಾಕಿದೆ. ಮೇಲಿನವು ಹೋದವು. ಕೆಳಗಿನವನ್ನ ಅಗೆದು ತೆಗೆಯಲಿಲ್ಲ, ಮೊಳಕೆ ಬಂದವು. ಬೇಸಿಗೆ ಬಿಸಿಲು ಏರಿದ ಮೇಲೆ ಸಂಜೆವರೆಗೆ ಹೊರಗೆ ಬರಲಿಲ್ಲ. ಸಾಲು ಹಿಡಿದು ಹೆಜ್ಜೆ ಹಾಕಿದರೆ ಇಪ್ಪತ್ತು ಹೆಜ್ಜೆಗಿಂತ ಆಚೆ ಹೋಗಿರಲಿಲ್ಲ.

ಹೊಟ್ಟಿನ ರಾಶಿ ಕೆದಕಿ ನೋಡಿದೆ. ರಾಗಿ ಸಿಪ್ಪೆಗಿಂತ ಹುಲ್ಲಿನ ಬೀಜದ ಸಿಪ್ಪೆಯೇ ಹೆಚ್ಚು. ಅಂದರೆ ವರ್ಷದಲ್ಲಿ ನಾಲ್ಕು ದಿನ ನಮ್ಮ ಬೀಜ, ಉಳಿದ ದಿನ ಕಳೆ ಬೀಜ.

ಪುಡಿ ಹಾಕೋ ಮೊದಲು

ಇಷ್ಟು ತಿಳಿದ ಮೇಲೆ ಬಿತ್ತನೆಯಲ್ಲಿ ಮೂರು ಕೆಲಸ ಮಾಡಿಕೊಂಡು ಬಂದಿದ್ದೇನೆ. ಒಂದು, ಕೂರಿಗೆ ಹಿಂದೆಯೇ ಹಲಗೆ ಎಳೆಸೋದು. ತೆರೆದ ಸಾಲಲ್ಲಿ ಬೀಜ ಒಂದು ಗಂಟೆ ಕೂಡ ಇರಬಾರದು. ಎರಡು, ಬಿತ್ತನೆಗೆ ವಾರ ಮೊದಲು ಬದು ಸುತ್ತಿ ಗೂಡಿಗೆ ಕಡ್ಡಿ ನೆಟ್ಟು ಗುರುತು ಮಾಡೋದು. ಎಳ್ಳು, ರಾಗಿ ಹಾಕೋ ಹೊಲದಲ್ಲಿ ಆ ಗೂಡಿನ ಮುಂದಿನ ನಾಲ್ಕು ಸಾಲಿಗೆ ತೊಗರಿ, ಹುರುಳಿ. ಮೂರು, ಬಿತ್ತೋ ದಿನ ಬೆಳಗಾಗುತ್ತಲೇ ಗೂಡಿನ ಬಾಯಿಗೆ ಒಂದು ಹಿಡಿ ಸಜ್ಜೆ ನುಚ್ಚು. ಅದನ್ನ ಸಾಗಿಸೋದರಲ್ಲೇ ಅವುಗಳ ದಿನ ಮುಗಿಯುತ್ತೆ. ಬೂದಿ ಗೆರೆ ಎಳೆದೂ ನೋಡಿದೆ. ಗಾಳಿ, ಇಬ್ಬನಿ ಬಿದ್ದ ಮೇಲೆ ದಾಟಿದವು. ಪಕ್ಕದ ಹೊಲದವರು ಗೂಡಿಗೆ ವಿಷ ಹಾಕಬೇಕು ಅಂತಿದ್ದವರು ನಮ್ಮ ಸಾಲು ಒಂದೇ ಸಮ ಹುಟ್ಟಿದ್ದನ್ನ ಕಂಡು ನುಚ್ಚಿಗೆ ಬಂದಿದ್ದಾರೆ.

ಹಿಂದೆ ಇರುವೆಗೆ ಅಂತ ಮನೆಮನೆಯಲ್ಲೂ ಇದ್ದ ಬಿಎಚ್‌ಸಿ ಪುಡಿ 1997ರಲ್ಲೇ ದೇಶದಲ್ಲಿ ನಿಷೇಧವಾಯಿತು. ಹೆಸರು ಬದಲಾದ ಬೇರೆ ಪುಡಿಗಳು ಬಂದಿವೆ. ಅವು ಇರುವೆ ಅಂತ ನೋಡಿ ಕೊಲ್ಲೋದಿಲ್ಲ, ಮಣ್ಣಲ್ಲಿ ಇದ್ದದ್ದನ್ನೆಲ್ಲ ಕೊಲ್ಲುತ್ತವೆ.

ಪಶ್ಚಿಮ ಆಸ್ಟ್ರೇಲಿಯಾದ ಒಣ ಸೀಮೆಯಲ್ಲಿ ಗೋಧಿ ಹೊಲದ ಕೆಲವು ತುಂಡಲ್ಲಿ ಇರುವೆ, ಗೆದ್ದಲನ್ನ ಔಷಧಿ ಹಾಕಿ ತೆಗೆದು, ಕೆಲವು ತುಂಡಲ್ಲಿ ಹಾಗೇ ಬಿಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಅವು ಇದ್ದ ಕಡೆ ಇಳುವರಿ ಶೇ. 36ರಷ್ಟು ಹೆಚ್ಚು. ಬಿಲಗಳಿಂದ ಮಳೆ ನೀರು ಆಳಕ್ಕೆ ಇಳಿಯಿತು, ಮಣ್ಣಲ್ಲಿ ಸಾರಜನಕವೂ ಹೆಚ್ಚಿತು. ಅಲ್ಲಿಯ ಮಣ್ಣು ಬೇರೆ, ಬೆಳೆ ಬೇರೆ. ನಮ್ಮಲ್ಲಿ ಗೆದ್ದಲು ಶೇಂಗಾ ಕಾಯಿಗೆ ಬೀಳೋದೂ ನಿಜ. ಆದರೆ ಆ ಗೆದ್ದಲನ್ನ ಹಿಡಿದು ತಿನ್ನೋದರಲ್ಲಿ ಇರುವೆಯೇ ಮುಂದು. ಗೆದ್ದಲಿನ ಮಣ್ಣಿನ ದಾರಿ ಒಡೆದು ಹತ್ತು ನಿಮಿಷ ಕಾದರೆ ಯಾರು ಬೇಕಾದರೂ ನೋಡಬಹುದು. ಬಿದ್ದ ನಾಲ್ಕು ಹನಿ ಹೊಲದಲ್ಲೇ ಇಂಗಲಿ ಅಂತ ಬದು ಹಾಕೋ ನಾವು, ದುಡ್ಡಿಲ್ಲದೆ ಬಿಲ ಕೊರೆಯೋರನ್ನ ಕೊಲ್ಲೋಕೆ ದುಡ್ಡು ಕೊಡಬೇಕಾ?

ಸಾಕೋರಿಗೆ ಎಚ್ಚರದ ಮಾತು

ಹುಟ್ಟಿದ ಊರಿನ ಇರುವೆಯನ್ನ ಆ ಊರಲ್ಲೇ ಸಾಕಿ. ಬೇರೆ ಊರಿಂದ ತರಬೇಡಿ, ಬೇರೆ ಊರಿಗೆ ಬಿಡಬೇಡಿ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೈ ಕಾಡಂಚಿನ ಹಳ್ಳಿಗಳಲ್ಲಿ 2022ರಲ್ಲಿ ಯೆಲ್ಲೋ ಕ್ರೇಜಿ ಆ್ಯಂಟ್ ಅನ್ನೋ ಹಳದಿ ಇರುವೆ ಹೆಚ್ಚಾಗಿ ದನ ಕರು, ಬೆಳೆ ಎರಡಕ್ಕೂ ಕಾಟ ಕೊಟ್ಟಿತು.

ವಿದೇಶದಲ್ಲಿ ಈ ಹವ್ಯಾಸ ಈಗ ವ್ಯಾಪಾರವಾಗಿದೆ. 2025ರಲ್ಲಿ ಕೀನ್ಯಾ ದೇಶದಿಂದ ಸುಮಾರು 5,000 ಇರುವೆಗಳನ್ನ ನಳಿಗೆಯಲ್ಲಿ ಹತ್ತಿ ಜೊತೆ ತುಂಬಿ ಸಾಗಿಸಲು ಹೊರಟ ನಾಲ್ವರು ಸಿಕ್ಕಿಬಿದ್ದರು. ಅವು ಅಲ್ಲಿಯ ಕಾಳು ಕೂಡಿಡೋ ಇರುವೆಗಳು. ಕೋರ್ಟು ತಲಾ 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ ಹಾಕಿತು. ನಮ್ಮ ಬದುವಿನ ಇರುವೆಗೂ ಯಾರಾದರೂ ಬೆಲೆ ಹೇಳಿಕೊಂಡು ಬಂದರೆ ಕೊಡಬೇಡಿ.

ಗೂಡು ದೊಡ್ಡದಾಗಿ ಗಾಜಿನಲ್ಲಿ ಹಿಡಿಸದೆ ಹೋದರೆ, ರಾಣಿ ಸಿಕ್ಕಿದ ಜಾಗದ ಹತ್ತಿರವೇ ಮಳೆಗಾಲದಲ್ಲಿ ಹಸಿ ಮಣ್ಣಿಗೆ ಬಿಟ್ಟುಬಿಡಿ. ನನ್ನ ಗೂಡೂ ಈಗ ತುಂಬಿದೆ, ಬರೋ ಮುಂಗಾರಿಗೆ ಬೇವಿನ ಮರದ ಬುಡಕ್ಕೆ ಇಳಿಸಬೇಕು ಅಂತಿದ್ದೇನೆ. ಸಾಕೋಕೆ ಪುರುಸೊತ್ತಿಲ್ಲದೋರು ಒಂದು ಹಿಡಿ ನಾನಾ ಕಾಳು ಹಿಡಿದು ನಿಮ್ಮ ಬದುವಿನ ಗೂಡಿನ ಹತ್ತಿರ ಒಂದು ಗಂಟೆ ಕೂತು ನೋಡಿ. ಯಾವ ಕಾಳು ಹೋಯಿತು, ಯಾವುದು ಉಳಿಯಿತು ಅಂತ ಪತ್ರಿಕೆಗೆ ಬರೆಯಿರಿ. ಎರೆ ಹೊಲದವರದ್ದು, ಮಸಾರಿಯವರದ್ದು ಒಟ್ಟಿಗೆ ಸೇರಿದರೆ ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.